ನಲವತ್ತೊಂಬತ್ತನೇ ನಂಬರಿನ ಮನೆ

ಲಿಥುವೇನಿಯಾ
9 ಜೂನ್ 2025

ಅಪ್ಪಾ,

ಫೋನಿನಲ್ಲಿ ನಾನು ಹೇಳಿದ್ದು ನಿಮಗೆ ಅರ್ಧ ಕೇಳಿಸುವುದಿಲ್ಲ, ಉಳಿದರ್ಧಕ್ಕೆ "ಹೂಂ, ಹೂಂ" ಅಂದು ಅಮ್ಮನ ಕೈಗೆ ಕೊಟ್ಟುಬಿಡುತ್ತೀರಿ. ಅದಕ್ಕೇ ಈ ಕಾಗದ. ಕಿವಿಯ ಮಿಷನ್ನು ಕೊಡಿಸಿದ್ದು ಬೀರುವಿನಲ್ಲಿ ಇಡುವುದಕ್ಕಲ್ಲ ಅಂತ ಬೈದಿದ್ದೇನೆ ಎಂದು ತಿಳಿದುಕೊಂಡು ಮುಂದೆ ಓದಿ.

ಇಲ್ಲಿಗೆ ಬಂದು ಮೂರು ವಾರವಾಯಿತು. ಊರು ನಮ್ಮ ಮೂಡಲಪಾಳ್ಯದ ಕಾಲುಭಾಗ ಇರಬಹುದು. ಮ್ಯೂಸಿಯಂ ಅಂದರೆ ಮೂರು ಕೋಣೆ. ಬೆಂಗಳೂರಿನಲ್ಲಿ ಮಾಡುತ್ತಿದ್ದ ಕೆಲಸವೇ ಇಲ್ಲೂ: ಹುಳ ತಿಂದ, ಒದ್ದೆಯಾದ, ಮಡಿಕೆಯಲ್ಲಿ ಹರಿದ ಹಳೇ ಕಾಗದಗಳನ್ನು ತೊಳೆದು, ಅಂಟಿಸಿ, ಓದಲು ಬರುವ ಹಾಗೆ ಮಾಡುವುದು. ಇಲ್ಲಿನ ಹಳೆಯ ಶಾಲೆಯ ಅಟ್ಟದಲ್ಲಿ ಒಂದು ಪೆಟ್ಟಿಗೆ ಸಿಕ್ಕಿದೆ. ಡಿಸೆಂಬರಿನವರೆಗೆ ಅದೇ ನನ್ನ ಪಾಲಿನ ಕೆಲಸ.

ಪೆಟ್ಟಿಗೆಯಲ್ಲಿ ನಾಲ್ಕು ಹಾಳೆಯ ಒಂದು ಪಟ್ಟಿ ಇದೆ, 1941ರದ್ದು. ಆ ವರ್ಷ ಜೂನಿನಲ್ಲಿ ಜರ್ಮನ್ ಸೈನ್ಯ ಈ ದೇಶಕ್ಕೆ ನುಗ್ಗಿತು. ಆಗಸ್ಟ್ ಮುಗಿಯುವುದರೊಳಗೆ ಈ ಊರಿನ ಯಹೂದಿಗಳನ್ನೆಲ್ಲ, ಮಕ್ಕಳು ಮುದುಕರು ಎನ್ನದೆ, ಪಕ್ಕದ ಕಾಡಿಗೆ ಕರೆದೊಯ್ದು ಗುಂಡಿಕ್ಕಿ ಕೊಂದರು. ಈಗ ಊರಿನಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು, ಎಲ್ಲ ಜರ್ಮನ್ನರು ಮಾಡಿದ್ದು. ಆದರೆ ಪಟ್ಟಿ ಇರುವುದು ಜರ್ಮನ್ ಭಾಷೆಯಲ್ಲಲ್ಲ, ಊರಿನವರ ಭಾಷೆಯಲ್ಲಿ. ಬರಹ ನಿಮ್ಮದರಷ್ಟೇ ದುಂಡಗಿದೆ. ಪ್ರತಿ ಸಾಲಿನಲ್ಲಿ ಬೀದಿ, ಮನೆ ನಂಬರು, ಯಜಮಾನನ ಹೆಸರು, ಕೊನೆಯಲ್ಲಿ ಒಂದು ಸಣ್ಣ ಅಂಕಿ. ಎರಡನೇ ಹಾಳೆಯಲ್ಲಿ ಒಂದು ಸಾಲನ್ನು ಹೊಡೆದುಹಾಕಿ, ಅಂಚಿನಲ್ಲಿ ಬೇರೆ ಮಸಿಯಲ್ಲಿ ಇನ್ನೊಂದು ಮನೆ ಬರೆದಿದ್ದಾರೆ.

ಇದು ಹಳೇ ಕಂದಾಯದ ಪಟ್ಟಿ ಇರಬಹುದು ಅನ್ನುತ್ತಾರೆ ಮ್ಯೂಸಿಯಮ್ಮಿನ ಮುಖ್ಯಸ್ಥರು. ಪಕ್ಕದಲ್ಲಿಡುವ ವಿವರಣೆಯ ಚೀಟಿ ನಾನೇ ಬರೆಯಬೇಕು, ತಪ್ಪು ಬರೆದರೆ ಅದೇ ಉಳಿದುಹೋಗುತ್ತದೆ. ನೀವು ಎಷ್ಟು ಸಲ ಜನಗಣತಿ ಮಾಡಿದ್ದೀರಿ! ಮನೆ ಮನೆ ಎಣಿಸುವವರು ಪಟ್ಟಿ ಹೇಗೆ ಮಾಡುತ್ತಾರೆ, ಆ ಸಣ್ಣ ಅಂಕಿ ಏನಿರಬಹುದು, ವಿವರವಾಗಿ ಬರೆಯಿರಿ. ಅಮ್ಮನ ಮಂಡಿ ಹೇಗಿದೆ ಅಂತಲೂ ಬರೆಯಿರಿ, ಅವಳು ನಿಜ ಹೇಳುವುದಿಲ್ಲ.

ನಿಮ್ಮ
ಮಾಲವಿಕಾ


ಮೂಡಲಪಾಳ್ಯ
28 ಜೂನ್ 2025

ಮಾಲೂ,

ನಿನ್ನ ಅಮ್ಮನ ಮಂಡಿ ನೆಟ್ಟಗಿದೆ. ನೆಟ್ಟಗಿಲ್ಲದ್ದು ಬಾಯಿ. ಈ ವರ್ಷದ ಮಾವಿನಕಾಯಿಗೆ ಹುಳಿಯೇ ಇಲ್ಲ ಎಂದು ಬೆಳಗಿನಿಂದ ಶುರುಮಾಡಿದ್ದಾಳೆ, ನಾನು ಮಿಷನ್ನು ತೆಗೆದಿಟ್ಟು ಕಾಗದ ಬರೆಯುತ್ತಿದ್ದೇನೆ.

ಗಣತಿ ಮಾಡುವ ಮೇಷ್ಟ್ರಿಗೆ ಮೊದಲ ಕೆಲಸ ನಕ್ಷೆ. ತೊಂಬತ್ತೊಂದರಲ್ಲಿ ನನ್ನ ಬ್ಲಾಕಿಗೆ ನೂರಾ ಇಪ್ಪತ್ತೆರಡು ಮನೆ. ಪಕ್ಕಾ ಮನೆಗೆ ಚೌಕ, ಕಚ್ಚಾ ಮನೆಗೆ ತ್ರಿಕೋನ. ವಾಯವ್ಯ ಮೂಲೆಯಿಂದ ಹೊರಟು, ಬೀದಿಯ ಈ ಬದಿ ಹೋಗಿ ಆ ಬದಿ ಬರುತ್ತಾ ನಂಬರು ಕೊಡಬೇಕು. ಬಾಗಿಲ ಮೇಲೆ ಕೆಮ್ಮಣ್ಣಿನಲ್ಲಿ ಬರೆಯಬೇಕು. ಹೀಗೆ ನಡೆದು ಎಣಿಸಿದವನ ಪಟ್ಟಿಯಲ್ಲಿ ನಂಬರು ಒಂದರ ಹಿಂದೆ ಒಂದು ಬರುತ್ತದೆ. ನಿನ್ನ ಪಟ್ಟಿಯಲ್ಲಿ ನಂಬರುಗಳು ನೆಗೆದಾಡುತ್ತಿವೆಯೇ ನೋಡು. ನೆಗೆದಾಡಿದರೆ ಅವನು ನಡೆದು ಬರೆದದ್ದಲ್ಲ, ಮೊದಲೇ ಇದ್ದ ಬೇರೊಂದು ದಾಖಲೆಯಿಂದ ಬೇಕಾದ ಮನೆಗಳನ್ನು ಆರಿಸಿ ತೆಗೆದದ್ದು. ಕೊನೆಯ ಅಂಕಿ ಮನೆಯಲ್ಲಿರುವ ಜನ.

ಹೊಡೆದುಹಾಕಿದ ಸಾಲು ಮತ್ತು ಅಂಚಿನ ಸಾಲು ತಿದ್ದುಪಡಿ. ಬರೆದು ಮುಗಿಸಿದ ಮೇಲೆ ಬಲ್ಲವರೊಬ್ಬರು ಮತ್ತೊಮ್ಮೆ ನೋಡಿದ್ದಾರೆ ಎಂದು ಅರ್ಥ.

ಉಳಿದಂತೆ ಇಲ್ಲಿ ವಿಶೇಷವಿಲ್ಲ. ಬೆಳಿಗ್ಗೆ ಕಾಂತರಾಜು ಜೊತೆ ಪಾರ್ಕಿನಲ್ಲಿ ಐದು ಸುತ್ತು. ಅವನು ಈಗ ಬಡಾವಣೆಯ ಸಂಘಕ್ಕೆ ಅಧ್ಯಕ್ಷ. ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಇವನದು ಮೂರು ಕಟ್ಟಡ ಎದ್ದಿವೆ. "ಈ ಸಲ ರಾಜ್ಯೋತ್ಸವಕ್ಕೆ ನಿಮಗೇ ಸನ್ಮಾನ ಮೇಷ್ಟ್ರೇ, ತಪ್ಪಿಸ್ಕೊಳ್ಳೋ ಹಂಗಿಲ್ಲ" ಎಂದು ಈಗಿನಿಂದಲೇ ಡಂಗುರ ಹೊಡೆಯುತ್ತಿದ್ದಾನೆ.

ಇಂತಿ ಆಶೀರ್ವಾದಗಳೊಂದಿಗೆ
ಪದ್ಮನಾಭ


ಲಿಥುವೇನಿಯಾ
24 ಜುಲೈ 2025

ಅಪ್ಪಾ,

ನೀವು ಹೇಳಿದ್ದು ಅಕ್ಷರಶಃ ಸರಿ. ನಂಬರುಗಳು ನೆಗೆದಾಡುತ್ತಿವೆ. ನಿಮ್ಮ ಕಾಗದವನ್ನು ಮುಂದಿಟ್ಟುಕೊಂಡು ಪೆಟ್ಟಿಗೆಯ ಉಳಿದ ದಾಖಲೆಗಳ ಜೊತೆ ಹೋಲಿಸಿದೆ. ಪಟ್ಟಿ ತೆಗೆದದ್ದು ಶಾಲೆಯ ದಾಖಲಾತಿ ಪುಸ್ತಕದಿಂದ. ಮಕ್ಕಳ ಹೆಸರು, ತಂದೆ, ಮನೆ, ಧರ್ಮ, ಎಲ್ಲ ಅದರಲ್ಲಿದೆ. ಅಂದರೆ ಬರೆದದ್ದು ಮೇಷ್ಟ್ರು.

ಇನ್ನೊಂದು ವಿಷಯ. ನಾನು ಬಾಡಿಗೆಗಿರುವ ಮನೆಯ ಅಜ್ಜಿಯ ಹೆಸರು ಓನಾ, ಎಂಬತ್ತೊಂಬತ್ತು ವರ್ಷ. ಮೊನ್ನೆ ಅವರಪ್ಪ ಕೈಯಾರೆ ಬರೆದುಕೊಟ್ಟಿದ್ದ ಮಗ್ಗಿ ಪುಸ್ತಕ ತೋರಿಸಿದರು. ಅದೇ ಬರಹ. ಅವರಪ್ಪನೇ ಆ ಶಾಲೆಯ ಮೇಷ್ಟ್ರು. ಮುಚ್ಚಿಡಲಾಗದೆ ಪಟ್ಟಿಯ ಫೋಟೋ ತೋರಿಸಿದೆ. ಅಜ್ಜಿ ಬಹಳ ಹೊತ್ತು ನೋಡಿ, "ಅಪ್ಪ ಬರೀ ಬರೆದುಕೊಟ್ಟರು, ಅಷ್ಟೇ" ಅಂದರು. ಆಮೇಲೆ ಎದ್ದು ಹೋಗಿ ಆಲೂಗಡ್ಡೆ ಹೆಚ್ಚತೊಡಗಿದರು.

ಆ ತಿದ್ದುಪಡಿಯೂ ಬಗೆಹರಿಯಿತು. ಹೊಡೆದುಹಾಕಿದ್ದು ಒಬ್ಬ ಚಪ್ಪಲಿ ಹೊಲಿಯುವವನ ಮನೆ. ಅವನು ಯಹೂದಿಯಲ್ಲ, ತಪ್ಪಾಗಿ ಸೇರಿದ್ದ. ಅಂಚಿನಲ್ಲಿ ಸೇರಿಸಿದ್ದು ಎರಡು ತಲೆಮಾರಿನ ಹಿಂದೆ ಕ್ರೈಸ್ತರಾಗಿದ್ದ ಒಂದು ಮನೆ, ಐದು ಜನ. ಅವರು ಮೂಲದಲ್ಲಿ ಯಹೂದಿಗಳೆಂದು ಊರಿನಲ್ಲಿ ಯಾರಿಗೂ ನೆನಪಿರಲಿಲ್ಲ, ಶಾಲೆಯ ಹಳೇ ಪುಸ್ತಕಕ್ಕೆ ಮಾತ್ರ ನೆನಪಿತ್ತು. ಯಾರಪ್ಪಾ ಕೇಳಿದ್ದರು ಇವನನ್ನು ಇಷ್ಟೊಂದು ನಿಖರವಾಗಿರು ಅಂತ? ಸಿಟ್ಟಿನಿಂದ ಆ ದಿನ ಕೆಲಸ ಮಾಡಲಾಗಲಿಲ್ಲ. ನಮ್ಮಪ್ಪನಾಗಿದ್ದರೆ ಹಾಳೆಯನ್ನೇ ಹರಿದು ಒಲೆಗೆ ಹಾಕಿರುತ್ತಿದ್ದರು ಅಂದುಕೊಂಡೆ.

ಒಂದನೇ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ತಿಲಕ ನೆನಪಿದ್ದಾಳಾ, ಹಿಂದಿನ ಬೀದಿಯವಳು? ಅರ್ಧ ವರ್ಷಕ್ಕೇ ಊರಿಗೆ ಹೋದಳು ಅಂದಿದ್ದಿರಿ. ಯಾಕೋ ಇಲ್ಲಿ ಅವಳ ನೆನಪು ಬರುತ್ತಿದೆ.

ನಿಮ್ಮ
ಮಾಲವಿಕಾ


ಲಿಥುವೇನಿಯಾ
27 ಆಗಸ್ಟ್ 2025

ಅಪ್ಪಾ,

ಕಾಗದವಿಲ್ಲ. ಅಮ್ಮನನ್ನು ಕೇಳಿದರೆ, "ಎರಡು ಸಲ ಬರೆದು ಎರಡು ಸಲ ಹರಿದಾಕಿದ್ರು, ಏನಂತ ಕೇಳಿದ್ರೆ ಮೈಮೇಲೆ ಬರ್ತಾರೆ" ಅನ್ನುತ್ತಾಳೆ. ಆರೋಗ್ಯವಾಗಿದ್ದೀರಿ ತಾನೇ? ಅಜ್ಜಿಯ ಅಪ್ಪನ ಬಗ್ಗೆ ನಾನು ಬರೆದದ್ದು ಮೇಷ್ಟ್ರುಗಳ ಕುಲಕ್ಕೇ ಬೈದ ಹಾಗಾಯಿತೇ? ನಿಮಗಲ್ಲ ಮಾರಾಯರೇ ಹೇಳಿದ್ದು.

ಮಾಲವಿಕಾ


ಮೂಡಲಪಾಳ್ಯ
9 ಸೆಪ್ಟೆಂಬರ್ 2025

ಮಾಲೂ,

ನನಗೇ ಹೇಳಿದ್ದು ಅದು. ಇದು ಮೂರನೇ ಕಾಗದ. ಇದನ್ನು ಹರಿಯುವುದಿಲ್ಲ.

ತಿಲಕ ಊರಿಗೆ ಹೋಗಲಿಲ್ಲ. ಅವರ ಮನೆ ಸುಟ್ಟಿತು.

ತಿಲಕಳ ಅಪ್ಪನನ್ನು ಬೀದಿಯವರೆಲ್ಲ ಗಾರೆ ತಂಗಪ್ಪ ಎನ್ನುತ್ತಿದ್ದರು. ಚಿಕ್ಕಂದಿನಿಂದ ಮಾಗಡಿ ರಸ್ತೆಯಲ್ಲಿ ಬೆಳೆದವನು, ಅವನ ಕನ್ನಡ ನನ್ನ ಕನ್ನಡದಷ್ಟೇ ಸಲೀಸು. ತೊಂಬತ್ತೊಂದರ ಫೆಬ್ರವರಿಯಲ್ಲಿ ಗಣತಿಗೆಂದು ಹೋದಾಗ ಹೆಸರು ತಂಗವೇಲು ಎಂದು ಬರೆಸಿದ. ಮಾತೃಭಾಷೆ ಕೇಳಿದೆ. "ಕನ್ನಡ ಅಂತಾನೇ ಬರ್ಕೊಳ್ಳಿ ಸಾರ್" ಎಂದ. ಅಷ್ಟಕ್ಕೆ ಬರೆದುಕೊಂಡು ಎದ್ದು ಬರಬೇಕಿತ್ತು. ನಿಯಮ ಹಾಗಿಲ್ಲ. ಚಿಕ್ಕಂದಿನಲ್ಲಿ ತಾಯಿ ಮಗುವಿನೊಂದಿಗೆ ಆಡಿದ ಭಾಷೆಯೇ ಮಾತೃಭಾಷೆ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ನಾನು ನಿಯಮವನ್ನು ವಿವರಿಸಿದೆ. ಅವನ ತಾಯಿ ಅಂಗಮ್ಮಾಳ್, ಒಂದು ಕಡೆ ಸ್ವಾಧೀನ ತಪ್ಪಿ ಒಳಗಿನ ಚಾಪೆಯ ಮೇಲೆ ಮಲಗಿದ್ದವರು, ಕೇಳಿಸಿಕೊಂಡು ನಕ್ಕು "ತಮಿಳ್ ತಾನ್" ಎಂದರು. ಹಾಗೇ ಬರೆದೆ. ತಂಗವೇಲುವಿನ ಮುಖ ಸಣ್ಣಗಾಯಿತು. "ಹೆದರ್ಬೇಡಪ್ಪಾ, ಗಣತೀಲಿ ಹೇಳಿದ್ದು ಗುಟ್ಟು. ಕೋರ್ಟೇ ಕೇಳಿದ್ರೂ ನಾನು ಹೇಳೋ ಹಂಗಿಲ್ಲ, ಕಾನೂನಿದೆ" ಎಂದೆ. ಅವನ ಹೆಂಡತಿ ಮಜ್ಜಿಗೆ ಕೊಟ್ಟಳು, ಕುಡಿದೆ.

ಆ ವರ್ಷ ಡಿಸೆಂಬರಿನಲ್ಲಿ ಕಾವೇರಿ ನೀರಿನ ಆದೇಶ ಬಂದು ಗಲಾಟೆಯಾಯಿತು. ಬೆಂಗಳೂರಿನಲ್ಲಿ ತಮಿಳರ ಅಂಗಡಿಗಳಿಗೆ, ಮನೆಗಳಿಗೆ ಬೆಂಕಿ ಹಚ್ಚುತ್ತಿದ್ದರು. ಹದಿಮೂರನೇ ತಾರೀಖು ಶುಕ್ರವಾರ, ಶಾಲೆಗೆ ರಜೆ. ಮಧ್ಯಾಹ್ನ ಮೂರರ ಸುಮಾರಿಗೆ ಕಾಂತರಾಜು ನಾಲ್ಕು ಹುಡುಗರ ಜೊತೆ ನಮ್ಮ ಬಾಗಿಲಿಗೆ ಬಂದ. ಅವನಿಗಾಗ ಇಪ್ಪತ್ತಾರು. ಕೈಯಲ್ಲಿ ನೋಟ್‌ಬುಕ್ಕಿನ ಒಂದು ಹಾಳೆ, ಅದರಲ್ಲಿ ಹಿಂದಿನ ಬೀದಿಯ ಹನ್ನೊಂದು ಮನೆ ನಂಬರು. ನಾನೇ ಕೆಮ್ಮಣ್ಣಿನಲ್ಲಿ ಬರೆಸಿದ್ದ ನಂಬರುಗಳು. "ಮೇಷ್ಟ್ರೇ, ಒಂದ್ಸಲ ಕಣ್ಣಾಡ್ಸಿ. ತಪ್ಪಾಗಬಾರ್ದು ನೋಡಿ, ಪಾಪ" ಎಂದ.

ಹೋಂವರ್ಕ್ ನೋಡುವ ಹಾಗೆ ನೋಡಿದೆ ಮಗಳೇ. ನಲವತ್ತೇಳು ಎಂದಿತ್ತು. ಅದು ಹನುಮವ್ವನ ಮನೆ, ಅವಳು ಚಿಂತಾಮಣಿ ಕಡೆಯ ತೆಲುಗಿನವಳು. "ಇದು ತಪ್ಪು" ಎಂದೆ. "ಹಂಗಾರೆ ಹನ್ನೊಂದ್ನೇದು ಯಾವ್ದು? ಹನ್ನೊಂದು ಮನೆ ಅಂತ ಪಕ್ಕಾ ಸುದ್ದಿ ಐತೆ" ಎಂದ. ನಿನ್ನ ಅಮ್ಮನನ್ನು ಕರೆದು ಕೆಂಪು ಪೆನ್ನು ತರಿಸಿಕೊಂಡೆ. ನಲವತ್ತೇಳನ್ನು ಹೊಡೆದು ನಲವತ್ತೊಂಬತ್ತು ಎಂದು ಬರೆದೆ.

ಹೆದರಿಕೊಂಡೆನೇ, ಅವರು ಬರೀ ಗದರಿಸಿ ಬರುತ್ತಾರೆಂದುಕೊಂಡೆನೇ, ಹನುಮವ್ವನನ್ನು ಉಳಿಸಲು ಹೋದೆನೇ? ಮೂವತ್ತನಾಲ್ಕು ವರ್ಷದಿಂದ ಒಂದೊಂದು ದಿನ ಒಂದೊಂದು ಕಾರಣ ಕೊಟ್ಟುಕೊಂಡಿದ್ದೇನೆ. ಯಾವುದೂ ಪೂರ್ತಿ ನಿಜವಲ್ಲ. ತಪ್ಪು ಉತ್ತರ ಕಣ್ಣಿಗೆ ಬಿದ್ದರೆ ಸರಿ ಉತ್ತರ ಹೇಳುವುದು ಅಭ್ಯಾಸವಾಗಿತ್ತು, ಹೇಳಿದೆ. ಹೇಳಿದ ಮೇಲಾದರೂ ಓಡಿಹೋಗಿ ತಂಗವೇಲುವಿಗೆ ತಿಳಿಸಬಹುದಿತ್ತು. ಎರಡು ನಿಮಿಷದ ದಾರಿ. ಕಿಟಕಿ ಹಾಕಿಕೊಂಡು ರೇಡಿಯೋ ಹಚ್ಚಿದೆ. ನೀನು ನೆಲದ ಮೇಲೆ ಕೂತು ಸ್ಲೇಟಿನಲ್ಲಿ ಬರೆಯುತ್ತಿದ್ದೆ.

ಉಳಿದ ಹತ್ತು ಮನೆಯವರು ಆಗಲೇ ಬೀಗ ಹಾಕಿ ಹೊರಟುಹೋಗಿದ್ದರು. ಜನ ಇದ್ದದ್ದು ನಲವತ್ತೊಂಬತ್ತರಲ್ಲಿ ಮಾತ್ರ. ತಂಗವೇಲು ಹೆಂಡತಿ ಮಗಳನ್ನು ಹಿಂಬಾಗಿಲಿನಿಂದ ಕಳಿಸಿ, ತಾಯಿಯನ್ನು ಎತ್ತಿ ತರಲು ಮತ್ತೆ ಒಳಗೆ ಹೋದ. ಅವನ ಎರಡು ಕೈಯೂ ಸುಟ್ಟವು. ಅಂಗಮ್ಮಾಳ್ ಎಂಟನೇ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಪೊಲೀಸರು ಬಂದು ಕೇಳಿದಾಗ ಬೀದಿಯವರೆಲ್ಲ "ಹೊರಗಿನೋರು ಬಂದು ಮಾಡಿದ್ದು" ಎಂದರು. ಓದು ಬರಹ ಬಲ್ಲವನೆಂದು ಆ ಹೇಳಿಕೆಗೆ ಮೊದಲ ರುಜು ನನ್ನಿಂದ ಹಾಕಿಸಿದರು.

ಆ ಅಜ್ಜಿಗೆ ಹೇಳು. ಅವರಪ್ಪ ಬರೀ ಬರೆದದ್ದಲ್ಲ.

ಪದ್ಮನಾಭ


ಲಿಥುವೇನಿಯಾ
1 ಅಕ್ಟೋಬರ್ 2025

ಅಪ್ಪಾ,

ಕಾಗದ ತಲುಪಿತು. ನಾಲ್ಕು ದಿನ ಯಾರಿಗೂ ಫೋನು ಮಾಡಲಿಲ್ಲ.

ಏನು ಬರೆಯಲಿ? ಸಿಟ್ಟು ಬಂದಿದೆ, ಹೇಸಿಗೆಯಾಗಿದೆ, ನಿಮ್ಮನ್ನು ನೋಡಬೇಕೆಂದೂ ಅನ್ನಿಸುತ್ತಿದೆ. ಯಾವುದನ್ನು ಮೊದಲು ಹೇಳಬೇಕೋ ತಿಳಿಯುತ್ತಿಲ್ಲ. ಕಾಂತರಾಜು ಅಂಕಲ್ ನನ್ನ ಮದುವೆಗೆ ಬೆಳ್ಳಿ ತಟ್ಟೆ ಕೊಟ್ಟರು. ನೀವು ದಿನಾ ಅವರ ಜೊತೆ ಐದು ಸುತ್ತು ಹಾಕುತ್ತೀರಿ. ಆ ಐದು ಸುತ್ತಿನಲ್ಲಿ ಒಂದು ಸಲವೂ ಇದರ ಮಾತು ಬಂದಿಲ್ಲವೇ?

ಇನ್ನೊಂದು ಪ್ರಶ್ನೆಗೆ ಉತ್ತರ ಬೇಕು, ಅಮ್ಮನನ್ನು ಕೇಳಿ ಬರೆಯಿರಿ. ನನ್ನ ಮುಂದಿನ ಹಲ್ಲು ಬಿದ್ದ ವಾರ ನಮ್ಮ ಹಿತ್ತಲಿಗೆ ರುಬ್ಬುವ ಕಲ್ಲು ಬಂತು. ಹಲ್ಲನ್ನು ಅದರ ಕೆಳಗೆ ಹಾಕಲು ಹೋಗಿ ಅಮ್ಮನಿಂದ ಪೆಟ್ಟು ತಿಂದದ್ದು ನೆನಪಿದೆ. ಒಂದು ಬದಿ ಕಪ್ಪಗಿತ್ತು, ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಈಗ ಕರಿಬೇವಿನ ಗಿಡದ ಕೆಳಗೆ ಹಕ್ಕಿಗೆ ನೀರಿಡುವ ಕಲ್ಲು ಅದೇ ಅಲ್ಲವೇ? ಅದು ಯಾರದು?

ಇಲ್ಲಿ ಆ ವರ್ಷ ಯಹೂದಿಗಳ ಮಂಚ, ಕುರ್ಚಿ, ದಿಂಬುಗಳನ್ನೆಲ್ಲ ಚೌಕದಲ್ಲಿ ಹರಾಜು ಹಾಕಿದರಂತೆ. ಊರೆಲ್ಲ ಹೋಗಿ ಕೊಂಡುಕೊಂಡಿತಂತೆ. ಅದನ್ನು ಓದಿ, ಇವರಿಗೆ ಆ ಮಂಚದ ಮೇಲೆ ನಿದ್ದೆ ಹೇಗೆ ಬಂತೋ ಅಂದುಕೊಂಡಿದ್ದೆ.

ತಂಗವೇಲು ಬದುಕಿದ್ದರೆ ನೀವು ಹೋಗಿ ಹೇಳಬೇಕು. ನನಗೆ ಹೇಳಿದ್ದು ಲೆಕ್ಕಕ್ಕಿಲ್ಲ.

ಮಾಲವಿಕಾ


ಮೂಡಲಪಾಳ್ಯ
22 ಅಕ್ಟೋಬರ್ 2025

ಮಾಲೂ,

ಕಲ್ಲು ಅವರದೇ.

ಈ ತಿಂಗಳು ಇಲ್ಲಿ ಮತ್ತೆ ಮನೆ ಮನೆ ಸಮೀಕ್ಷೆ. ಬಾಗಿಲಿಗೆ ನಂಬರಿನ ಚೀಟಿ ಅಂಟಿಸಿ ಹೋಗಿದ್ದರು, ಹಿಂದೆಯೇ ಮೊಬೈಲ್ ಹಿಡಿದು ಮೇಡಮ್ಮೊಬ್ಬರು ಬಂದರು. ಬಿಸಿಲಲ್ಲಿ ಅಲೆದು ಸೊರಗಿದ್ದರು. ಮಾತೃಭಾಷೆ ಕೇಳಿದಾಗ ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ. ನಾನು ಹಿತ್ತಲಿಗೆ ಹೋದೆ, ನಿನ್ನ ಅಮ್ಮ ಉತ್ತರ ಕೊಟ್ಟಳು.

ತಂಗವೇಲು ಎಲ್ಲಿದ್ದಾನೆಂದು ಗೊತ್ತಿದ್ದದ್ದು ಹನುಮವ್ವನಿಗೆ. "ಅವ್ನ ಮಗ್ಳು ಬಸ್ಸಲ್ಲಿ ಕಂಡಕ್ಟ್ರು ಕಣ್ಸಾಮಿ. ಹೋದ್ ವರ್ಷ ಗುರ್ತು ಹಿಡುದು ಮಾತಾಡಿಸ್ತು. ಕೆಂಗೇರೀಲವ್ರೆ" ಎಂದಳು. ಎರಡು ವರ್ಷ ಧರ್ಮಪುರಿಯಲ್ಲಿದ್ದು ವಾಪಸ್ಸು ಬಂದಿದ್ದಾರೆ. ಮೂವತ್ತೆರಡು ವರ್ಷದಿಂದ ಅವನು ನನಗೆ ಒಂದು ಬಸ್ಸಿನ ದೂರದಲ್ಲಿದ್ದ.

ಶನಿವಾರ ಅತ್ತಿಗುಪ್ಪೆಯಿಂದ ಮೆಟ್ರೋ ಹತ್ತಿದೆ. ಕಿವಿಯ ಮಿಷನ್ನು ಹಾಕಿಕೊಂಡು ಹೋಗಿದ್ದೆ, ಅವನು ಏನೇ ಹೇಳಿದರೂ ಪೂರ್ತಿ ಕೇಳಿಸಬೇಕೆಂದು. ಎರಡು ಕೋಣೆಯ ಮನೆ. ಬಾಗಿಲು ತೆಗೆದವನು ಅವನೇ, ಗುರುತು ಹಿಡಿಯಲು ಕ್ಷಣವೂ ಬೇಕಾಗಲಿಲ್ಲ. "ಬನ್ನಿ ಮೇಷ್ಟ್ರೇ" ಎಂದು ಕುರ್ಚಿ ಎಳೆದ. ಬೆರಳುಗಳು ಪೂರ್ತಿ ಮಡಚುವುದಿಲ್ಲ, ಎರಡು ಅಂಗೈಯಿಂದ ಒತ್ತಿ ಹಿಡಿದು ಎಳೆದ. ಗಾರೆ ಕೆಲಸದ ಕರಣೆ ಹಿಡಿಯಲಾಗದೆ ಮೂವತ್ತು ವರ್ಷ ಕಟ್ಟಡಗಳಿಗೆ ವಾಚ್‌ಮನ್ ಆಗಿದ್ದನಂತೆ.

ನಾನು ಕೂರಲಿಲ್ಲ. ನಿಂತೇ ಹೇಳಿದೆ. "ತಂಗವೇಲು, ನಿಮ್ಮ ಮನೆ ನಂಬರು ಬರ್ಕೊಟ್ಟಿದ್ದು ನಾನೇ."

"ಗೊತ್ತು ಸಾರ್" ಎಂದ.

ನನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಮತ್ತೆ ಹೇಳಿದೆ. ಅವನು ಕೈ ಅಡ್ಡ ತಂದು ನಿಲ್ಲಿಸಿದ. ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ಅವತ್ತು ಮಿಕ್ಕಿದ ಹತ್ತು ಮನೆಯೋರೂ ಮಧ್ಯಾಹ್ನಾನೇ ಗಂಟುಮೂಟೆ ಕಟ್ಟಿದ್ರು ಸಾರ್. ನೀನೂ ಬಾರೋ ಅಂತ ಕರುದ್ರು. ನಮ್ಮಮ್ಮನೂ ಹೋಗಣ ಅಂದ್ಲು. ನಾನೇ ಬ್ಯಾಡ ಅಂದೆ. ನಮ್ದು ತಮಿಳು ಅಂತ ಈ ಬೀದೀಲಿ ಯಾರಿಗ್ ಗೊತ್ತು, ಮೇಷ್ಟ್ರಿಗೊಬ್ರಿಗೆ. ಮೇಷ್ಟ್ರು ಕೋರ್ಟ್ ಕೇಳಿದ್ರೂ ಹೇಳಲ್ಲ ಅಂದವ್ರೆ. ಅಂಗಂದ್ಬುಟ್ಟು ಬಾಗ್ಲು ಹಾಕ್ಕೊಂಡು ಮನೇಲೇ ಇದ್ದೆ."

ಆಮೇಲೆ ನಾನು ಕೂತೆ. ಕ್ಷಮೆ ಕೇಳಬೇಕೆಂದು ಬಾಯಿಪಾಠ ಮಾಡಿಕೊಂಡು ಹೋಗಿದ್ದ ನಾಲ್ಕು ವಾಕ್ಯದಲ್ಲಿ ಒಂದೂ ಬರಲಿಲ್ಲ. ಅತ್ತುಬಿಟ್ಟೆ. ಅವನು ನೀರು ತಂದಿಟ್ಟ, ಸಮಾಧಾನ ಮಾಡಲಿಲ್ಲ.

"ನಂಗೆ ಗೊತ್ತಿರೋದನ್ನ ನಂಗೇ ಯಾಕ್ ಹೇಳ್ತೀರಾ ಸಾರ್" ಎಂದ. "ಅಲ್ಲಿ ಎಲ್ರೂ ಇವತ್ತಿಗೂ ಹೊರಗಿನೋರು ಮಾಡಿದ್ದು ಅಂತಾರಂತೆ. ಹನುಮಕ್ಕನೂ ಹಂಗೇ ಅಂತಾಳೆ. ಗೊತ್ತಿಲ್ದೋರಿಗೆ ಹೇಳಿ, ಆಗೋದಾದ್ರೆ."

ಅವನೂ ಈ ಸಮೀಕ್ಷೆಯಲ್ಲಿ ಹೆಸರು ಬರೆಸಿದ್ದಾನೆ. ತಮಿಳು ಎಂದೇ ಬರೆಸೋಣ ಎಂದಳಂತೆ ತಿಲಕ. ಇವನು ಕನ್ನಡ ಎಂದು ಬರೆಸಿದ್ದಾನೆ.

ನವೆಂಬರ್ ಹದಿನಾರು, ಭಾನುವಾರ ಸಂಜೆ ರಾಜ್ಯೋತ್ಸವದ ಕಾರ್ಯಕ್ರಮ. ಕನ್ನಡ ಮೇಷ್ಟ್ರೆಂದು ನನಗೆ ಸನ್ಮಾನ. ಬ್ಯಾನರಿನಲ್ಲಿ ಕಾಂತರಾಜು ಪಕ್ಕ ನನ್ನ ಫೋಟೋ ಹಾಕಿಸಿದ್ದಾರೆ. ಬೀದಿಯವರೆಲ್ಲ ಒಟ್ಟಿಗೆ ಸಿಗುವುದು ಅಂದೇ. ಬೇಡವೆಂದು ಬಿಡಲು ಹೊರಟಿದ್ದವನು ಬರುತ್ತೇನೆಂದು ಹೇಳಿ ಕಳಿಸಿದ್ದೇನೆ. ಪಾರ್ಕಿಗೆ ಹೋಗುವುದನ್ನು ನಿಲ್ಲಿಸಿದ್ದೇನೆ. ನಿಜ ಹೇಳಬೇಕೆಂದರೆ, ಭಯವಾಗುತ್ತಿದೆ.

ನಿನ್ನ ಅಪ್ಪ


ಮೂಡಲಪಾಳ್ಯ
24 ನವೆಂಬರ್ 2025

ಮಾಲೂ,

ಈ ಕಾಗದ ನಾನು ಬರೆಯುತ್ತಿದ್ದೇನೆ, ನಿನ್ನ ಅಮ್ಮ. ನಿಮ್ಮಪ್ಪ ಬರೆದರೆ ತಮ್ಮ ತಪ್ಪನ್ನು ಮಾತ್ರ ಬರೆಯುತ್ತಾರೆ, ಅದರಲ್ಲೂ ಅವರಿಗೇ ಮೊದಲ ರ‍್ಯಾಂಕ್ ಬೇಕು. ನನ್ನ ಕೈಬರಹ ಕೋಳಿ ಕೆದರಿದ ಹಾಗಿದೆ, ನಗಬೇಡ.

ಶಾಮಿಯಾನ ಹಾಕಿ ಮುನ್ನೂರು ಕುರ್ಚಿ ಹಾಕಿದ್ದರು, ಆರ್ಕೆಸ್ಟ್ರಾದವರೂ ಬಂದಿದ್ದರು. ನಿಮ್ಮಪ್ಪನಿಗೆ ಮೈಸೂರು ಪೇಟ ಇಟ್ಟು ಶಾಲು ಹೊದಿಸಿದರು. ಕಾಂತರಾಜು ಹತ್ತು ನಿಮಿಷ ಹೊಗಳಿದ. ಇವರು ಎದ್ದವರೇ ಪೇಟ ತೆಗೆದು ಕುರ್ಚಿಯ ಮೇಲಿಟ್ಟು ಜೇಬಿನಿಂದ ಹಾಳೆ ತೆಗೆದರು. "ನಮ್ಮ ಹಿಂದಿನ ಬೀದಿಯಲ್ಲಿ ನಲವತ್ತೊಂಬತ್ತನೇ ನಂಬರಿನ ಒಂದು ಮನೆ ಇತ್ತು" ಅಂತ ಶುರು ಮಾಡಿದರು. ಜನ ಏನೋ ಕಥೆ ಅಂದುಕೊಂಡು ಸುಮ್ಮನೆ ಕೂತರು. ಅಂಗಮ್ಮಾಳ್ ಹೆಸರು ಬಂದ ಕೂಡಲೇ ಕಾಂತರಾಜು ಕಣ್ಸನ್ನೆ ಮಾಡಿದ, ಮೈಕ್ ಆರಿತು. ಅವನೇ ಮುಂದೆ ಬಂದು, "ಮೇಷ್ಟ್ರಿಗೆ ವಯಸ್ಸಾಯ್ತು, ಸುಸ್ತಾಗಿದೆ, ಹಾಡು ಹಾಕ್ರಪ್ಪಾ" ಅಂದ.

ಆಗ ಹನುಮವ್ವ ಹಿಂದಿನ ಸಾಲಿನಿಂದ ಎದ್ದು, "ಯಾವನ್ಲಾ ಅವ್ನು ಮೈಕ್ ಆರ್ಸಿದ್ದು? ಮೇಷ್ಟ್ರು ಮಾತಾಡ್ತಾವ್ರೆ, ಕಾಣಕಿಲ್ವಾ?" ಅಂತ ಕೂಗಿದಳು ನೋಡು! ಮೈಕ್ ಬರಲಿಲ್ಲ. ನಿಮ್ಮಪ್ಪ ಬರೀ ಗಂಟಲಲ್ಲೇ ಓದಿದರು. ಎಂಬತ್ತು ಹುಡುಗರಿಗೆ ಪಾಠ ಹೇಳಿದ ಗಂಟಲು, ಐದಾರು ಸಾಲಿಗೆ ಚೆನ್ನಾಗಿಯೇ ಕೇಳಿಸಿತು. ಯಾರ ಕೈಲಿ ಹಾಳೆ ಇತ್ತು, ಯಾವ ನಂಬರು ಹೊಡೆದೆ, ಯಾವ ನಂಬರು ಬರೆದೆ, ಪೊಲೀಸರ ಮುಂದೆ ಯಾವ ಸುಳ್ಳಿಗೆ ರುಜು ಹಾಕಿದೆ, ಎಲ್ಲ ಹೇಳಿದರು. ಯಾರೂ ಚಪ್ಪಾಳೆ ಹೊಡೆಯಲಿಲ್ಲ, ಯಾರೂ ಬಯ್ಯಲೂ ಇಲ್ಲ. ಒಬ್ಬೊಬ್ಬರೇ ಎದ್ದು ಊಟದ ಕಡೆ ಹೋದರು.

ಅವತ್ತಿನಿಂದ ಬೀದಿಯಲ್ಲಿ ನಮ್ಮನ್ನು ಕಂಡರೆ ಫೋನ್ ನೋಡುತ್ತಾ ಹೋಗುತ್ತಾರೆ. "ಮುಗಿದು ಹೋಗಿರೋದನ್ನ ಕೆದಕೋದು ಯಾಕೆ" ಅಂತ ಕಾಂತರಾಜು ಹೆಂಡತಿ ಲತಾ ಹಾಲಿನ ಬೂತಿನ ಹತ್ತಿರ ನನಗೆ ಕೇಳಿಸುವ ಹಾಗೆ ಹೇಳಿದಳು. ಬಂದದ್ದು ಹನುಮವ್ವ ಒಬ್ಬಳೇ. "ನನ್ ಮನೆ ಹೊಡ್ದಾಕಿ ಅವ್ರ ಮನೆ ಬರುದ್ರಾ? ನಾನು ಈಟು ವರ್ಷ ಮುನೇಶ್ವರ ಕಾಪಾಡ್ದ ಅಂತ ಹರಕೆ ಕಟ್ತಿದ್ನಲ್ಲಾ" ಅಂತ ಜಗಲಿಯಲ್ಲಿ ಕೂತು ಅತ್ತಳು.

ಈಗ ನನ್ನ ಮಾತು. ಕೆಂಪು ಪೆನ್ನು ತಂದುಕೊಟ್ಟವಳು ನಾನು. ಒಲೆ ಮೇಲೆ ಸಾರು ಇತ್ತು, ಹಾಳೆಯಲ್ಲಿ ಏನಿದೆ ಅಂತ ನೋಡಲಿಲ್ಲ ಅಂತ ಹೇಳಬಹುದು. ನೋಡಿದ್ದೆ. ಮೂರನೇ ದಿನ ಆ ಸುಟ್ಟ ಮನೆಯೊಳಗೆ ಕಲ್ಲೊಂದು ಉಳಿದಿತ್ತು. ಅವರು ಬಂದರೆ ಕೊಟ್ಟರಾಯಿತು, ಬೇರೆ ಯಾರಾದರೂ ಹೊತ್ತುಕೊಂಡು ಹೋಗುತ್ತಾರೆ ಅಂತ ನಾನೂ ಹನುಮವ್ವನೂ ಸೇರಿ ಉರುಳಿಸಿಕೊಂಡು ಬಂದೆವು. ಒಂದು ತಿಂಗಳು ಹಿತ್ತಲಲ್ಲಿ ಹಾಗೇ ಇತ್ತು. ಸಂಕ್ರಾಂತಿ ಆದ ಮೇಲೆ ಒಂದು ದಿನ ತೊಳೆದು ಉದ್ದಿನಬೇಳೆ ಹಾಕಿದೆ.

ನಿನ್ನೆ ನಾನೂ ಹನುಮವ್ವನೂ ಗೂಡ್ಸ್ ಆಟೋದಲ್ಲಿ ಕಲ್ಲು ಏರಿಸಿಕೊಂಡು ಕೆಂಗೇರಿಗೆ ಹೋದೆವು. ನಿಮ್ಮಪ್ಪನೂ ಬರುತ್ತೇನೆ ಅಂದರು. "ನೀವು ನಿಮ್ಮದನ್ನ ಕೊಟ್ಟು ಬಂದಿದೀರಿ, ಇದು ನನ್ನದು" ಅಂತ ಹೇಳಿ ಮನೆಯಲ್ಲೇ ಬಿಟ್ಟೆ. ತಿಲಕ ಡ್ಯೂಟಿಗೆ ಹೊರಟಿದ್ದಳು, ಖಾಕಿ ಹಾಕಿಕೊಂಡಿದ್ದಳು. ನಿನ್ನಷ್ಟೇ ಎತ್ತರ ಇದ್ದಾಳೆ, ಕಿವಿಯ ಹತ್ತಿರ ಕೂದಲು ನೆರೆತಿದೆ. ಕಲ್ಲು ಇಳಿಸಿದ್ದನ್ನು ನೋಡಿ ಹತ್ತಿರ ಬಂದಳು. ಕಪ್ಪಗಿದ್ದ ಬದಿಯನ್ನು ಕೈಯಿಂದ ಮುಟ್ಟಿದಳು. ಆಮೇಲೆ ಕೇಳಿದಳು.

"ಇದರಲ್ಲಿ ಎಷ್ಟು ವರ್ಷ ರುಬ್ಬಿದ್ರಿ ಆಂಟಿ?"

ಮಿಕ್ಸಿ ಗ್ರೈಂಡರ್ ತಂದದ್ದು ಯಾವಾಗ ಅಂತ ಯೋಚನೆ ಮಾಡಿ ಹೇಳಿದೆ, ಹದಿನೇಳು ವರ್ಷ ಅಂತ.

"ರುಬ್ಬೋವಾಗ ನಮ್ಮಜ್ಜಿ ನೆನಪು ಬರ್ತಿತ್ತಾ?"

ಬರ್ತಿತ್ತು ಅನ್ನೋಣ ಅಂತ ನಾಲಿಗೆ ತುದಿಗೆ ಬಂತು ಮಾಲೂ. ಹನುಮವ್ವನೂ ಹಾಗೇ ಹೇಳಿಬಿಡು ಅನ್ನೋ ಹಾಗೆ ನನ್ನ ಮುಖ ನೋಡಿದಳು. ಮೊದಲ ಎರಡು ದಿನ ಬಂದಿತ್ತು. ಆಮೇಲೆ ಹಿಟ್ಟು ನುಣ್ಣಗೆ ಬರುತ್ತೆ, ಒಳ್ಳೇ ಕಲ್ಲು ಅಂತ ಮಾತ್ರ ಅಂದುಕೊಳ್ಳುತ್ತಿದ್ದೆ. ಅದನ್ನೇ ಅವಳಿಗೆ ಹೇಳಿದೆ.

ಅವಳು ತಲೆ ಆಡಿಸಿದಳು. ಒಳಗೆ ಬನ್ನಿ ಅನ್ನಲಿಲ್ಲ. ಒಬ್ಬಳೇ ಕಲ್ಲನ್ನು ಉರುಳಿಸಿಕೊಂಡು ಹೊಸಿಲು ದಾಟಿಸಿದಳು, ನಾನು ಕೈ ಹಾಕಲು ಹೋದಾಗ ಬೇಡ ಅಂದಳು.

ನಿನ್ನ ಅಮ್ಮ
ಸೀತಾ